ಬಿಡಿಸಿ ಬರೆಯಿರಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, 2021ರಲ್ಲಿ ನಿವೃತ್ತಳಾದವಳು ನಾನು. ‘ಬಿಡಿಸಿ ಬರೆದು ಸಂಧಿಯ ಹೆಸರು ತಿಳಿಸಿ’ ಎಂಬ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದೆನೋ, ಎಷ್ಟು ಮಕ್ಕಳ ಕಿವಿ ಹಿಂಡಿದೆನೋ ಲೆಕ್ಕವಿಲ್ಲ. ಅದೇ ಪ್ರಶ್ನೆಯನ್ನು ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಯಂತ್ರಕ್ಕೆ ಕೇಳಲು ಹೋಗಿ ನಾನೇ ಪೆಚ್ಚಾಗಿ ಕೂತೆ ಎಂದರೆ ನನ್ನ ಹಳೆಯ ವಿದ್ಯಾರ್ಥಿನಿಯರು ನಕ್ಕಾರು. ನಗಲಿ. ಆದರೆ ಆ ಪೆಚ್ಚಾಟದಿಂದ ನನಗೆ ನನ್ನ ತಂಗಿ ವಾಪಸು ಸಿಕ್ಕಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ಅಮ್ಮನ ಅಡುಗೆ ಪುಸ್ತಕದಿಂದ. ಪುಸ್ತಕ ಎಂದರೆ ಅಚ್ಚಾದದ್ದಲ್ಲ. ಅಪ್ಪ ಅಂಗಡಿಯಿಂದ ತಂದುಕೊಟ್ಟ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. 1971ರಲ್ಲಿ, ನಾನು ಹತ್ತು ವರ್ಷದವಳಿದ್ದಾಗ, ಅಮ್ಮ ಅದರಲ್ಲಿ ಮೊದಲ ಪುಟ ಬರೆದಳು. ಪೆನ್ನಿಗೆ ಶಾಯಿ ತುಂಬಿಕೊಟ್ಟವಳು ನಾನೇ. ಅಮ್ಮನಿಗೆ ಒಂದು ಪದ್ಧತಿ. ಯಾವುದನ್ನೇ ಬರೆಯಲಿ, ಹಾಳೆಯ ನೆತ್ತಿಯಲ್ಲಿ ನಡುಮಧ್ಯಕ್ಕೆ ‘ಶ್ರೀ’ ಎಂದು ಬರೆಯದೆ ಪೆನ್ನು ಮುಂದಕ್ಕೆ ಹೋಗದು. ಅಗಸನ ಲೆಕ್ಕಕ್ಕೂ ‘ಶ್ರೀ’, ಹಾಲಿನ ಲೆಕ್ಕಕ್ಕೂ ‘ಶ್ರೀ’. ಅಡುಗೆ ಪುಸ್ತಕದಲ್ಲಂತೂ ಪ್ರತಿ ಅಡುಗೆಯ ತಲೆಯ ಮೇಲೂ ಒಂದು ‘ಶ್ರೀ’, ಕೆಳಗೆ ಅಡುಗೆಯ ಹೆಸರು, ಆಮೇಲೆ ‘ಬೇಕಾದದ್ದು’, ಆಮೇಲೆ ‘ಮಾಡುವ ಕ್ರಮ’.

ಅಮ್ಮ ತೀರಿಕೊಂಡದ್ದು 2022ರ ಮಾರ್ಗಶಿರದಲ್ಲಿ. ಕೊನೆಯ ಎರಡು ವರ್ಷ ಅವಳಿದ್ದದ್ದು ಶಿವಮೊಗ್ಗದಲ್ಲಿ, ನನ್ನ ತಂಗಿಯ ಮನೆಯಲ್ಲಿ. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ನಾವು ಮೂವರು ಮಕ್ಕಳು ಅಮ್ಮನ ಟ್ರಂಕು ತೆರೆದೆವು. ನಾನು, ತಮ್ಮ, ತಂಗಿ. ಬಂಗಾರದ ವಿಷಯದಲ್ಲಿ ಒಂದು ಮಾತು ಬರಲಿಲ್ಲ. ಸೀರೆಗಳನ್ನು ‘ನೀನು ತೊಗೋ, ನೀನು ತೊಗೋ’ ಎಂದು ಒಬ್ಬರ ಕಡೆಗೊಬ್ಬರು ನೂಕಿದೆವು. ತಳದಲ್ಲಿ ಕೆಂಪು ರಟ್ಟು ಕಂಡಾಗ ಮಾತ್ರ ಎರಡು ಕೈ ಒಟ್ಟಿಗೆ ಮುಂದೆ ಬಂದವು. ಒಂದು ನನ್ನದು, ಒಂದು ಅವಳದು.

“ಕೊನೆಗಾಲದಲ್ಲಿ ನೋಡಿಕೊಂಡವಳು ನಾನು” ಎಂದಳು ತಂಗಿ.

“ಹಿರೀ ಮಗಳು ನಾನು. ಇದು ಶುರುವಾದಾಗ ನೀನು ತೊಟ್ಟಿಲಲ್ಲಿದ್ದೆ” ಎಂದೆ ನಾನು.

ತಮ್ಮ ಪಾಪ, ಗಂಡಸು, ಏನು ಮಾಡಿಯಾನು? “ಮಧ್ಯಕ್ಕೆ ದಾರ ಬಿಚ್ಚಿ ಎರಡು ಮಾಡಿಬಿಡಲಾ?” ಎಂದುಬಿಟ್ಟ. ತಂಗಿ ಅತ್ತಳು. ನಾನು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮೈಸೂರಿಗೆ ಬಂದೆ. ಆವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಬಿಡಿಸಿ ಬರೆಯಿರಿ: ಮಾತು + ಇಲ್ಲ = ಮಾತಿಲ್ಲ, ಲೋಪಸಂಧಿ. ಎರಡು ಪದ ಕೂಡುವಾಗ ನಡುವಿನ ಒಂದು ಸ್ವರ ಕಾಣೆಯಾಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ನಮ್ಮ ನಡುವಿನ ಸ್ವರ ಅಮ್ಮನೇ ಆಗಿದ್ದಳು ಎಂದು ಮಾತ್ರ ಆಗ ಹೊಳೆಯಲಿಲ್ಲ.

ಪುಸ್ತಕ ಮನೆಗೆ ಬಂತು, ಸಮಾಧಾನ ಬರಲಿಲ್ಲ. ತೆರೆದಾಗಲೆಲ್ಲ ತಂಗಿಯ ಮುಖವೇ ಕಣ್ಣೆದುರಿಗೆ. 2023ರ ಯುಗಾದಿ ಕಳೆದ ಮೇಲೆ ಒಂದು ಯೋಚನೆ ಬಂತು. ಪುಸ್ತಕವನ್ನೆಲ್ಲ ಟೈಪ್ ಮಾಡಿ, ಚೆಂದವಾಗಿ ಅಚ್ಚು ಹಾಕಿಸಿ, ಅಮ್ಮನ ವರ್ಷಾಬ್ದಿಕಕ್ಕೆ ಮೂವರ ಮನೆಗೂ ಒಂದೊಂದು ಪ್ರತಿ ಕೊಟ್ಟುಬಿಟ್ಟರೆ? ಋಣ ಹರಿದಂತಾಗುತ್ತದೆ, ಅಸಲು ಪುಸ್ತಕವೂ ನನ್ನ ಹತ್ತಿರವೇ ಉಳಿಯುತ್ತದೆ! ನಿಜ ಹೇಳುತ್ತಿದ್ದೇನೆ, ಆಗ ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ.

ಮಧ್ಯಾಹ್ನ ಊಟವಾದ ಮೇಲೆ ಫೋನಿನಲ್ಲೇ ದಿನಕ್ಕೆ ಒಂದೊ ಎರಡೊ ಅಡುಗೆ ಟೈಪ್ ಮಾಡುತ್ತ ಹೋದೆ. ಶ್ರೀ, ಗೊಜ್ಜವಲಕ್ಕಿ. ಶ್ರೀ, ಹಾಗಲಕಾಯಿ ಗೊಜ್ಜು. ಶ್ರೀ, ದೊಡ್ಡಪತ್ರೆ ತಂಬುಳಿ. ಗೌರಿ ಹಬ್ಬದ ಹೊತ್ತಿಗೆ 105 ಅಡುಗೆ ಮುಗಿದಿದ್ದವು. ಎಲ್ಲವೂ ಒಂದೇ ಉದ್ದನೆಯ ಬರಹವಾಗಿ, ಊರ ಜಾತ್ರೆಯ ಸಾಲಿನಂತೆ ನಿಂತಿದ್ದವು. ಅಚ್ಚಿನವರು ಹೇಳಿದರು, “ಪ್ರತಿ ಅಡುಗೇನೂ ಬೇರೆ ಬೇರೆ ಮಾಡಿ ಕೊಡಿ ಮೇಡಂ. ಹೆಸರು ಒಂದು ಕಡೆ, ಸಾಮಾನು ಒಂದು ಕಡೆ, ವಿಧಾನ ಒಂದು ಕಡೆ.” ಮತ್ತೆ ಮೊದಲಿನಿಂದ ಕತ್ತರಿಸಿ ಅಂಟಿಸಬೇಕಲ್ಲ ಎಂದು ನನಗೆ ಅಳುವೇ ಬಂತು.

ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ವಾರದಲ್ಲಿ ಮೂರು ದಿನ ಮನೆಯಲ್ಲೇ ಕೂತು ಕೆಲಸ. “ಇಷ್ಟಕ್ಕೆ ಯಾಕಮ್ಮ ಅಳ್ತೀಯ? ಪೈಥಾನಿಗೆ ಹೇಳಿದರೆ ಒಂದು ಕ್ಷಣದಲ್ಲಿ ಬಿಡಿಸಿಕೊಡತ್ತೆ” ಎಂದಳು.

“ಹೆಬ್ಬಾವನ್ನ ಮನೆಯೊಳಕ್ಕೆ ತಂದೆಯಾ?” ಎಂದರು ನಮ್ಮವರು, ಪೇಪರಿನಿಂದ ತಲೆಯೆತ್ತದೆ.

ಹಾವಲ್ಲ, ಅದೊಂದು ಭಾಷೆ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ. ನೆದರ್‌ಲೆಂಡ್ಸಿನ ಗೀಡೊ ವಾನ್ ರೋಸಮ್ ಎಂಬಾತ ಮಾಡಿ 1991ರಲ್ಲಿ ಹೊರಗೆ ಬಿಟ್ಟದ್ದು. ಇಂಗ್ಲೆಂಡಿನ ‘ಮಾಂಟಿ ಪೈಥಾನ್’ ಎಂಬ ಹಾಸ್ಯದ ತಂಡದ ಹೆಸರನ್ನು ಆತ ತನ್ನ ಭಾಷೆಗೆ ಇಟ್ಟನಂತೆ. ಹಾಸ್ಯದವರ ಹೆಸರು ಎಂದು ಕೇಳಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತು.

ಮಗಳು ಪಾಠ ಶುರು ಮಾಡಿದಳು. ಕಂಪ್ಯೂಟರಿನಲ್ಲಿ ಬರಹಕ್ಕೆ ‘ಸ್ಟ್ರಿಂಗ್’ ಎನ್ನುತ್ತಾರೆ. ಅಕ್ಷರಗಳನ್ನು ಒಂದರ ಪಕ್ಕ ಒಂದು ಪೋಣಿಸಿದ ದಾರ. ನಾನು ತಕ್ಷಣ, “ಹೂವಿನ ದಂಡೆ ಇದ್ದ ಹಾಗೆ ಅನ್ನು” ಎಂದೆ. ಅವಳಿಗೂ ಅದು ಹಿಡಿಸಿತು. ಮಲ್ಲಿಗೆ ದಂಡೆಯಲ್ಲಿ ನಡುನಡುವೆ ಒಂದೊಂದು ಕನಕಾಂಬರ ಕಟ್ಟಿರುತ್ತೇವಲ್ಲ? ‘ಕನಕಾಂಬರ ಬಂದಲ್ಲೆಲ್ಲ ಕತ್ತರಿಸು’ ಎಂದು ಹೇಳುವುದೇ ‘ಸ್ಪ್ಲಿಟ್’. ಆ ಕನಕಾಂಬರಕ್ಕೆ ‘ಸೆಪರೇಟರ್’ ಎಂದು ಹೆಸರು, ಅಂದರೆ ಬೇರ್ಪಡಿಸುವ ಗುರುತು. ಗುರುತು ಯಾವುದು ಬೇಕಾದರೂ ಆಗಬಹುದು, ಅಲ್ಪವಿರಾಮ, ಗೆರೆ, ಖಾಲಿ ಜಾಗ, ಒಂದು ಇಡೀ ಪದ. 15/08/1947 ಎಂಬ ತಾರೀಖನ್ನು ಓರೆಗೆರೆಯಲ್ಲಿ ಕತ್ತರಿಸಿದರೆ ದಿನ, ತಿಂಗಳು, ವರ್ಷ ಮೂರೂ ಬೇರೆ ಬೇರೆ. ಗುರುತೇ ಹೇಳದೆ ಸುಮ್ಮನೆ ‘ಸ್ಪ್ಲಿಟ್’ ಎಂದರೆ ಖಾಲಿ ಜಾಗ ಇರುವಲ್ಲೆಲ್ಲ ಕತ್ತರಿಸಿ ಪದ ಪದ ಮಾಡಿಕೊಡುತ್ತದೆ. ಜಾಗ ಒಂದು ಬೆರಳಷ್ಟಿರಲಿ, ಒಂದು ಗೇಣಷ್ಟಿರಲಿ, ಅದಕ್ಕೆ ಒಂದೇ ಲೆಕ್ಕ. ನಮ್ಮ ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯೇ ಇರಲಿಲ್ಲ, ಓದುವವನೇ ಬಿಡಿಸಿಕೊಳ್ಳಬೇಕಿತ್ತು. ಅವುಗಳ ಮುಂದೆ ಈ ಹೆಬ್ಬಾವು ಕಕ್ಕಾಬಿಕ್ಕಿಯಾಗುತ್ತಿತ್ತು ಎಂದುಕೊಂಡೆ.

“ಹಾಗಾದರೆ ಸಂಧಿ ಬಿಡಿಸತ್ತಾ?” ಎಂದು ಕೇಳಿದೆ. ಮೇಷ್ಟ್ರ ಬುದ್ಧಿ ಎಲ್ಲಿಗೆ ಹೋದೀತು? ‘ಮಾತಿಲ್ಲ’ ಎಂದು ಬರೆದು ‘ಇಲ್ಲ’ದ ಹತ್ತಿರ ಕತ್ತರಿಸಲು ಹೇಳಿದೆವು. ಕತ್ತರಿಸಲಿಲ್ಲ. ‘ಮಾತಿಲ್ಲ’ ಇಡಿಯಾಗಿ ಹಾಗೇ ವಾಪಸು ಬಂತು. ಅದಕ್ಕೆ ಅರ್ಥ ತಿಳಿಯದು. ನಾವು ಕೊಟ್ಟ ಗುರುತು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಕತ್ತರಿ ಆಡುತ್ತದೆ. ‘ಮಾತಿಲ್ಲ’ದಲ್ಲಿ ‘ಇ’ ಎಂಬ ಅಕ್ಷರ ಎಲ್ಲಿದೆ? ತಕಾರಕ್ಕೆ ಗುಡಿಸು ಇದೆ, ಅಷ್ಟೆ. ಗುರುತು ಸಿಗದಿದ್ದರೆ ಯಂತ್ರ ತಕರಾರು ಮಾಡದೆ ಇದ್ದದ್ದನ್ನು ಇದ್ದ ಹಾಗೇ ಕೈಗಿಡುತ್ತದೆ. ಗುರುತಿನ ಜಾಗದಲ್ಲಿ ಏನೂ ಇಲ್ಲದ ಖಾಲಿಯನ್ನು ಕೊಟ್ಟರೆ ಮಾತ್ರ ಸಿಟ್ಟು ಬಂದು ಕೆಲಸ ನಿಲ್ಲಿಸುತ್ತದೆ.

“ನಿನ್ನ ಪುಸ್ತಕಕ್ಕೆ ಗುರುತು ಯಾವುದಮ್ಮಾ?” ಎಂದಳು ಮಗಳು. ಇನ್ಯಾವುದು? ಶ್ರೀ.

ಆಗ ಅವಳು ಇನ್ನೊಂದು ವಿಷಯ ಹೊರಗೆ ಹಾಕಿದಳು. “ಅಮ್ಮಾ, ಅಜ್ಜಿಯ ಅಡುಗೆಯೆಲ್ಲ ನಿನ್ನ ಪುಸ್ತಕದಲ್ಲಿಲ್ಲ. ಅಲ್ಲಿದ್ದ ಎರಡು ವರ್ಷ ಅಜ್ಜಿ ಹೇಳಿದ್ದನ್ನೆಲ್ಲ ಚಿಕ್ಕಮ್ಮ ಹಾಳೆಗಳಲ್ಲಿ ಬರೆದುಕೊಂಡಿದ್ದಾಳೆ. ಮನೆ ಹತ್ತಿರದ ಟೈಪಿಂಗ್ ಅಂಗಡೀಲಿ ಟೈಪ್ ಕೂಡ ಮಾಡಿಸಿದ್ದಾಳೆ. 38 ಅಡುಗೆ. ನಾನು ಕೇಳಿದೆ, ಕಳಿಸಿದ್ದಾಳೆ.”

“ನಿನಗೆ ಯಾರು ಕೇಳು ಅಂದರು?” ಎಂದು ಗದರಿದೆ. ಆಮೇಲೆ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಅಮ್ಮನಿಗೆ ಪೊರೆ ಬಂದು ಬರೆಯಲು ಆಗದೇ ಹೋದಾಗ ಅವಳ ಕೈಯಾದವಳು ತಂಗಿ. ಅದು ನನಗೆ ಗೊತ್ತೇ ಇರಲಿಲ್ಲ. ಕೇಳಿದ್ದರೆ ತಾನೆ ಗೊತ್ತಾಗುವುದು? ಹೊರಗೆ ಬಂದು, “ಅದನ್ನೂ ಕೊನೆಗೆ ಸೇರಿಸು” ಎಂದೆ.

ನನ್ನದು 105, ಅವಳದು 38, ಒಟ್ಟು 143 ಚೂರು ಬರಬೇಕು. ಮಗಳು ಗುಂಡಿ ಒತ್ತಿದಳು. ಬಂದದ್ದು 110.

ಬರಬೇಕಾದ್ದಕ್ಕಿಂತ 33 ಕಡಿಮೆ. ಒಂದೊಂದನ್ನೇ ತೆರೆದು ನೋಡತೊಡಗಿದೆವು. ಮೊದಲನೆಯದರಲ್ಲಿ ಏನೂ ಇಲ್ಲ, ಬರೀ ಖಾಲಿ! ಮಗಳು ವಿವರಿಸಿದಳು. ಬದನೆಕಾಯಿಯನ್ನು ಮೂರು ಕಡೆ ಕೊಯ್ದರೆ ನಾಲ್ಕು ಹೋಳಾಗುತ್ತದೆ, ಹಾಗೆಯೇ ಎಷ್ಟು ಗುರುತೊ ಅದಕ್ಕಿಂತ ಒಂದು ಹೋಳು ಹೆಚ್ಚು. ನಮ್ಮ ಬರಹ ‘ಶ್ರೀ’ಯಿಂದಲೇ ಶುರುವಾಗುವುದರಿಂದ ಮೊದಲ ಕೊಯ್ತ ತುತ್ತತುದಿಯಲ್ಲೇ ಬಿದ್ದಿದೆ. ಅದರ ಈಚೆಗೆ ಏನೂ ಇಲ್ಲ, ಆದರೂ ಯಂತ್ರದ ಲೆಕ್ಕದಲ್ಲಿ ಅದೂ ಒಂದು ಹೋಳು.

ಮುಂದೆ ಹೋದರೆ ‘ಖಂಡ’ ಎಂಬ ಅಡುಗೆ! ಮೊಸರು ಕಟ್ಟಿ ಸಕ್ಕರೆ ಬೆರೆಸಿ ಏಲಕ್ಕಿ ಹಾಕುವ ಖಂಡ ಯಾವುದಪ್ಪಾ ಎಂದು ನೋಡಿದರೆ ನಮ್ಮ ಶ್ರೀಖಂಡ. ‘ಶ್ರೀ’ಯಲ್ಲಿ ಕತ್ತರಿಸು ಎಂದದ್ದಕ್ಕೆ ಶ್ರೀಖಂಡದ ತಲೆಯನ್ನೂ ಹಾರಿಸಿಬಿಟ್ಟಿದೆ. ‘ಈ ಶ್ರೀಖಂಡ ಎರಡು ದಿನ ಕೆಡದು’ ಎಂಬಲ್ಲಿ ಇನ್ನೊಂದು ಸಲ. ಎಣ್ಣೆಗಾಯಿ ಹೇಳಿಕೊಟ್ಟ ಶ್ರೀರಂಗಪಟ್ಟಣದ ಅತ್ತೆ ‘ರಂಗಪಟ್ಟಣದ ಅತ್ತೆ’ಯಾಗಿದ್ದರು. ಪಾನಕ ‘ರಾಮನವಮಿ’ಯದಾಗಿತ್ತು. ಹೀಗೆ ನಾಲ್ಕು ಕಡೆ ಬೇಡದ ಕೊಯ್ತ. ನಮ್ಮವರು ಪೇಪರು ಕೆಳಗಿಟ್ಟು ಬಂದು ನಮ್ಮ ಜೊತೆ ನಕ್ಕರು.

ಇದಕ್ಕೆ ಉಪಾಯ ಸುಲಭ. ಅಮ್ಮ ‘ಶ್ರೀ’ಯನ್ನು ಒಂದು ಸಾಲಿನಲ್ಲಿ ಒಂಟಿಯಾಗಿ ಬರೆಯುತ್ತಿದ್ದಳಲ್ಲ, ನಾನೂ ಹಾಗೇ ಟೈಪ್ ಮಾಡಿದ್ದೆ. ಸಾಲು ಮುರಿಯುವುದೂ ಯಂತ್ರಕ್ಕೆ ಒಂದು ಅಕ್ಷರವೇ ಅಂತೆ, ನಮಗೆ ಕಾಣದು ಅಷ್ಟೆ. ಹಾಗಾಗಿ ‘ಸಾಲುಮುರಿತ, ಶ್ರೀ, ಸಾಲುಮುರಿತ’ ಈ ಮೂರೂ ಸೇರಿದ್ದೇ ಗುರುತು ಎಂದು ಹೇಳಿದೆವು. ಮೊಟ್ಟಮೊದಲ ‘ಶ್ರೀ’ಯ ಹಿಂದೆ ಸಾಲುಮುರಿತ ಇರಲಿಲ್ಲ, ಅಲ್ಲೊಂದು ಖಾಲಿ ಸಾಲು ಸೇರಿಸಿದಳು. ಶ್ರೀಖಂಡಕ್ಕೆ ತಲೆ ಬಂತು, ಅತ್ತೆಗೆ ಊರು ಬಂತು. ಈಗ ಹೋಳು 106. ಮೊದಲ ಖಾಲಿಯನ್ನು ಬಿಟ್ಟರೆ ನನ್ನ 105 ಅಡುಗೆ ಸರಿಯಾಗಿ ಇವೆ.

ತಂಗಿಯದು? ಕೊನೆಯ ಹೋಳು ತೆರೆದರೆ, ನನ್ನ ಕೊನೆಯ ಅಡುಗೆಯಾದ ಮೆಂತ್ಯದ ಹಿಟ್ಟಿನ ಬಾಲಕ್ಕೆ ಅವಳ 38 ಅಡುಗೆಯೂ ಒಂದೇ ಗಂಟಾಗಿ ಅಂಟಿಕೊಂಡಿದ್ದವು. ಪ್ರತಿಯೊಂದರ ಮೇಲೂ ಒಂಟಿ ಸಾಲಿನಲ್ಲಿ ‘ಶ್ರೀ’ ಇದೆ. ಕಣ್ಣಿಗೆ ಕಾಣುತ್ತಿದೆ. ಆದರೂ ಯಂತ್ರ ಒಂದನ್ನೂ ಮುಟ್ಟಿಲ್ಲ.

“ಅವಳ ಶ್ರೀ ಶ್ರೀಯಲ್ಲವಾ?” ಎಂದೆ.

ಮಗಳು ಬಹಳ ಹೊತ್ತು ತಲೆ ಕೆರೆದುಕೊಂಡಳು. ಆಮೇಲೆ ಎರಡೂ ‘ಶ್ರೀ’ಗಳನ್ನು ಪಕ್ಕಪಕ್ಕದಲ್ಲಿಟ್ಟು ಉದ್ದ ಅಳೆಯಲು ಯಂತ್ರಕ್ಕೆ ಹೇಳಿದಳು. ನನ್ನ ಶ್ರೀಯ ಉದ್ದ 4. ತಂಗಿಯ ಶ್ರೀಯ ಉದ್ದ 5! ನೋಡಲು ಅವಳಿಜವಳಿ, ಆದರೆ ಒಳಗೆ ಬೇರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮಗೆ ‘ಶ್ರೀ’ ಎಂದರೆ ಒಂದೇ ಅಕ್ಷರ. ಕಂಪ್ಯೂಟರು ಅದನ್ನು ಚೂರು ಚೂರಾಗಿ ಇಟ್ಟುಕೊಂಡಿರುತ್ತದೆ. ಶ, ಅದರ ಸ್ವರ ತೆಗೆಯುವ ಚಿಹ್ನೆ, ರ, ‘ೀ’ ಎಂಬ ಗುಡಿಸಿನ ದೀರ್ಘ, ಹೀಗೆ ನಾಲ್ಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಗುಡಿಸಿನ ದೀರ್ಘವನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ. ಇಡಿಯಾಗಿ ಒಂದೇ ಚಿಹ್ನೆ, ಇಲ್ಲವೆ ಗುಡಿಸು ಒಂದು, ದೀರ್ಘ ಒಂದು ಎಂದು ಎರಡು ಚಿಹ್ನೆ. ಹಳೆಯ ಕಾಲದ ಕನ್ನಡ ಫಾಂಟುಗಳಲ್ಲಿ ದೀರ್ಘದ ಕೊಂಡಿ ಬೇರೆಯೇ ಇರುತ್ತಿತ್ತು. ತಂಗಿ ಮಾಡಿಸಿದ್ದು ಅಂಥ ಫಾಂಟಿನ ಟೈಪಿಂಗು, ಬಳಿಕ ಯೂನಿಕೋಡಿಗೆ ಬದಲಾಯಿಸುವಾಗ ಗುಡಿಸು, ದೀರ್ಘ ಎರಡೂ ಬಿಡಿಬಿಡಿಯಾಗಿಯೇ ಉಳಿದಿವೆ. ಪರದೆಯ ಮೇಲೆ ಎರಡಕ್ಕೂ ರೂಪ ಒಂದೇ. ಆದರೆ ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಪದಗಳೇ.

ನನಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಚಿಕ್ಕಂದಿನಲ್ಲಿ ಅಮ್ಮ ನಮಗೆ ಕಾಗುಣಿತ ಹೇಳಿಕೊಟ್ಟದ್ದು ಹೇಗೆ? ‘ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ’ ಎಂದಲ್ಲವೆ? ಗುಡಿಸು ಬೇರೆ, ದೀರ್ಘ ಬೇರೆ. ತಂಗಿಯ ಶ್ರೀ ತಪ್ಪೇನಲ್ಲ. ಅಮ್ಮ ಬಾಯಲ್ಲಿ ಹೇಳಿಕೊಟ್ಟ ಹಾಗೇ ಇದೆ! ಇಬ್ಬರೂ ಅಮ್ಮನ ಶ್ರೀಯನ್ನೇ ಬರೆದಿದ್ದೇವೆ. ಹೊಂದಿಕೆಯಾಗಿಲ್ಲ, ಅಷ್ಟೆ.

ಇದಕ್ಕೂ ಒಂದು ಮದ್ದಿದೆ. ಬಿಡಿಯಾಗಿರುವುದನ್ನೆಲ್ಲ ಇಡಿಯಾಗಿಸಿ ಬರಹವನ್ನು ಒಂದೇ ಕ್ರಮಕ್ಕೆ ತರುವ ಅಪ್ಪಣೆ. ಅದನ್ನು ಕೊಟ್ಟು ಮತ್ತೆ ಕತ್ತರಿಸಿದಾಗ ಬಂತು ನೋಡಿ, 144. ಒಂದು ಖಾಲಿ, 143 ಅಡುಗೆ. ಯಂತ್ರ ಎಣಿಸುವುದು ಸೊನ್ನೆಯಿಂದ. ಹಾಗಾಗಿ ಖಾಲಿಯದು ಸೊನ್ನೆಯ ಮನೆ, ಒಂದನೆಯ ಅಡುಗೆ ಒಂದನೆಯ ಮನೆ, ಎಲ್ಲ ತಾನಾಗಿ ಹೊಂದಿಕೊಂಡಿತು. ಮಗಳು ಖಾಲಿಯನ್ನು ಅಳಿಸಲು ಹೊರಟಳು. “ಇರಲಿ ಬಿಡು, ಅದು ಅಜ್ಜಿಯ ಎಲೆ” ಎಂದೆ.

ಇನ್ನು ಒಂದೊಂದು ಅಡುಗೆಯ ಒಳಗಿನ ಬಿಡಿಸಾಟ. ‘ಬೇಕಾದದ್ದು’, ‘ಮಾಡುವ ಕ್ರಮ’ ಇವುಗಳ ಮುಂದೆ ಎರಡು ಚುಕ್ಕಿ ಇದೆಯಲ್ಲ, ಆ ಸಾಲುಗಳನ್ನು ಅಲ್ಲಿ ಕತ್ತರಿಸು ಎಂದೆವು. ‘ಅಜ್ಜಿ ಹೇಳುತ್ತಿದ್ದದ್ದು: ಪಾಕ ಬರುವ ತನಕ ಸೌಟು ಬಿಡಬೇಡ’ ಎಂಬಲ್ಲಿ ಅಜ್ಜಿಯ ಮಾತನ್ನೂ ತುಂಡು ಮಾಡಿತು. ‘ಒಂದೇ ಸಲ ಕತ್ತರಿಸು, ಮಿಕ್ಕದ್ದು ಹಾಗೇ ಇರಲಿ’ ಎಂದು ಸಂಖ್ಯೆ ಹೇಳಿದರೆ ಅದಕ್ಕೂ ಒಪ್ಪುತ್ತದೆ. ಸಾಮಾನುಗಳನ್ನು ಅಲ್ಪವಿರಾಮದಲ್ಲಿ ಕತ್ತರಿಸಿದೆವು. ‘ಹಾಗಲಕಾಯಿ 4, ಹುಣಸೆಹಣ್ಣು ನಿಂಬೆಗಾತ್ರ, ಬೆಲ್ಲ ಅದರ ಎರಡರಷ್ಟು’ ಇವೆಲ್ಲ ಬೇರೆ ಬೇರೆ ಸಾಲಾಗಿ ಬಂದವು. ಎರಡನೆಯದರಿಂದ ಮುಂದಕ್ಕೆ ಪ್ರತಿಯೊಂದರ ಹಿಂದೆಯೂ ಒಂದು ಖಾಲಿ ಜಾಗ ಅಂಟಿರುತ್ತದೆ, ಅದನ್ನು ‘ಸ್ಟ್ರಿಪ್’ ಎಂದು ಹೇಳಿ ಒರೆಸಬೇಕು, ಸೊಪ್ಪಿನ ಬೇರಿನ ಮಣ್ಣು ತೊಳೆದ ಹಾಗೆ.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತಂಗಿ ಬರೆದ ಸಾರಿನ ಪುಡಿಯ ಹತ್ತಿರ ನಿಂತುಬಿಟ್ಟೆವು. ಅಲ್ಲಿದ್ದದ್ದು ಹೀಗೆ: ‘ಕೊತ್ತಂಬರಿ ಬೀಜ ನಾಲ್ಕು ಪಾವು, ಮೆಂತ್ಯ ಒಂದು, ಒಂದೂವರೆ ಚಮಚ, ಜೀರಿಗೆ ಅರ್ಧ ಪಾವು.’ ಕತ್ತರಿಸಿದಾಗ ‘ಮೆಂತ್ಯ ಒಂದು’ ಒಂದು ಸಾಲು, ‘ಒಂದೂವರೆ ಚಮಚ’ ಇನ್ನೊಂದು ಸಾಲು. ಒಂದೂವರೆ ಚಮಚ ಏನು? ಮೆಂತ್ಯವೆ? ಅಥವಾ ನಡುವೆ ಸಾಸಿವೆಯೊ ಮೆಣಸೊ ಬಿಟ್ಟುಹೋಗಿದೆಯೆ? ಯಂತ್ರವನ್ನು ಕೇಳಿ ಪ್ರಯೋಜನವಿಲ್ಲ, ಪುಸ್ತಕದಲ್ಲಿ ಈ ಅಡುಗೆ ಇಲ್ಲ, ಅಮ್ಮ ಇಲ್ಲ. ಗೊತ್ತಿರುವವಳು ಒಬ್ಬಳೇ.

“ನೀನೇ ಫೋನ್ ಮಾಡಿ ಕೇಳು” ಎಂದಳು ಮಗಳು, ಬೇಕೆಂದೇ ಎದ್ದು ಹೋದಳು.

ಹತ್ತು ತಿಂಗಳ ಮೇಲೆ ಆ ನಂಬರು ಒತ್ತಿದೆ. ಎದೆ ಡವಡವ ಎನ್ನುತ್ತಿತ್ತು. ಆ ಕಡೆ ಎತ್ತಿದಳು. ನಾನು ಕ್ಷೇಮ ಸಮಾಚಾರವೂ ಕೇಳಲಿಲ್ಲ.

“ಸಾರಿನ ಪುಡಿಗೆ ಮೆಂತ್ಯ ಎಷ್ಟೇ?” ಎಂದುಬಿಟ್ಟೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಒಂದೂವರೆ ಚಮಚ ಕಣಕ್ಕಾ” ಎಂದಳು.

“ಮತ್ತೆ ಒಂದು, ಒಂದೂವರೆ ಅಂತ ಯಾಕೆ ಬರೆದೆ?”

“ಅಮ್ಮ ಹಾಗೇ ಹೇಳಿದ್ದು. ಒಂದು ಅಂದಳು, ಆಮೇಲೆ ಕಣ್ಣು ಮುಚ್ಚಿ ಕೈಯಲ್ಲೇ ಅಳತೆ ನೋಡಿಕೊಂಡು, ಒಂದೂವರೆ ಅಂದಳು. ಮೊದಲು ಹೇಳಿದ್ದನ್ನ ಹೊಡೆದು ಹಾಕೋಕೆ ನನಗೆ ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆ.”

ನಾನು ಆ ಅಲ್ಪವಿರಾಮವನ್ನು ನೋಡುತ್ತ ಕೂತೆ. ಅದು ಎರಡು ಸಾಮಾನುಗಳನ್ನು ಬೇರೆ ಮಾಡುವ ಗುರುತಲ್ಲ. ಅಮ್ಮ ಕಣ್ಣು ಮುಚ್ಚಿ ಯೋಚಿಸಿದಷ್ಟು ಹೊತ್ತು ಅದು. ಅದನ್ನು ನೋಡಿದವಳು, ಕೇಳಿಸಿಕೊಂಡವಳು, ಕಾಗದದಲ್ಲಿ ಹಿಡಿದಿಟ್ಟವಳು ಅವಳು. ಶಾಯಿ ತುಂಬಿಕೊಟ್ಟೆ ಎಂದು ಜಂಬಪಟ್ಟವಳು ನಾನು.

“ನಿನ್ನ ಬಾಯಿಗೆ ಹೆದರಿ ಫೋನ್ ಮಾಡಿರಲಿಲ್ಲ” ಎಂದಳು ಅವಳು.

“ನನ್ನ ಬಾಯಿಗೆ ನಾನೇ ಹೆದರಿಕೊಂಡಿದ್ದೆ” ಎಂದೆ.

ಆವತ್ತು ಎರಡು ಗಂಟೆ ಮಾತಾಡಿದೆವು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದು ತಿಳಿಯಲಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಒಂದು ಕೊರತೆ ಕಂಡಿತು. ಬಿಡಿಸಿದ 143 ಅಡುಗೆಯಲ್ಲಿ ಎಲ್ಲೂ ‘ಶ್ರೀ’ ಇಲ್ಲ! ಮಗಳನ್ನು ಕೇಳಿದರೆ, “ಅದು ಹಾಗೇನಮ್ಮ. ಸ್ಪ್ಲಿಟ್ ಮಾಡಿದರೆ ಚೂರುಗಳು ಮಾತ್ರ ಸಿಗತ್ತೆ, ಗುರುತು ಹೋಗಿಬಿಡತ್ತೆ” ಎಂದಳು. ಕತ್ತರಿಸಿದ ದಂಡೆಯಿಂದ ಕನಕಾಂಬರ ಉದುರಿಹೋದ ಹಾಗೆ. ಗುರುತನ್ನೂ ಉಳಿಸಿಕೊಡುವ ಅಪ್ಪಣೆ ಒಂದಿದೆಯಂತೆ. ಅದು ಮೊದಲ ಗುರುತಿನಲ್ಲಿ ಮಾತ್ರ ಕತ್ತರಿಸಿ, ಹಿಂದಿನದು, ಗುರುತು, ಮುಂದಿನದು ಎಂದು ಮೂರು ಭಾಗ ಕೊಡುತ್ತದೆ. ಅದರ ಹೆಸರೇನು ಗೊತ್ತೆ? ‘ಪಾರ್ಟಿಷನ್’! ನಮ್ಮ ಮನೆಗಳಲ್ಲಿ ಪಾರ್ಟಿಷನ್ ಎಂದರೆ ಆಸ್ತಿಯ ಪಾಲು, ಕೋರ್ಟು, ಸ್ಟಾಂಪ್ ಪೇಪರು. ಇಲ್ಲಿ ಮಾತ್ರ ನಡುವಿನದು ನಡುವೆಯೇ ಉಳಿಯುತ್ತದೆ.

“ನನಗೆ ಪಾಲೂ ಬೇಡ, ಪಾರ್ಟಿಷನ್ನೂ ಬೇಡ. ಎಲ್ಲವನ್ನೂ ಮತ್ತೆ ಸೇರಿಸುವುದು ಹೇಗೆ ಹೇಳು” ಎಂದೆ. ಸೇರಿಸುವುದಕ್ಕೆ ‘ಜಾಯಿನ್’. ಪೈಥಾನಿನಲ್ಲಿ ಅದರ ಕ್ರಮವೇ ವಿಚಿತ್ರ. ಚೂರುಗಳ ಹೆಸರನ್ನು ಮೊದಲು ಹೇಳುವುದಿಲ್ಲ, ನಡುವೆ ನಿಲ್ಲಬೇಕಾದ ಗುರುತನ್ನು ಮೊದಲು ಬರೆಯಬೇಕು. ಅದು ಚೂರುಗಳನ್ನು ಕರೆದು ಸೇರಿಸಿಕೊಳ್ಳುತ್ತದೆ. ಹೊಸಬರಿಗೆಲ್ಲ ಇದು ಉಲ್ಟಾ ಅನ್ನಿಸುತ್ತದಂತೆ. ನನಗೆ ಅನ್ನಿಸಲಿಲ್ಲ. ನಾವು ಮೂವರು ಮಕ್ಕಳು ವರ್ಷಕ್ಕೆರಡು ಸಲ ಒಂದು ಕಡೆ ಸೇರುತ್ತಿದ್ದದ್ದು ಯಾರು ಕರೆದರೆ? ನಾನೇ ಕೀಲಿಮಣೆಯ ಮುಂದೆ ಕೂತು ಮೊದಲು ‘ಶ್ರೀ’ ಎಂದು ಬರೆದೆ. ಸೊನ್ನೆಯ ಮನೆಯ ಖಾಲಿ ಇದ್ದದ್ದರಿಂದ ಮೊದಲ ಅಡುಗೆಯ ತಲೆಯ ಮೇಲೂ ಶ್ರೀ ತಾನಾಗಿ ಬಂದು ಕೂತಿತು. ಅಜ್ಜಿಯ ಎಲೆ ಎಂದು ಉಳಿಸಿದ್ದು ಹೀಗೆ ಕೆಲಸಕ್ಕೆ ಬಂತು.

ಈ ಅಂಕಣ ಓದುವ ಸೋದರಿಯರಿಗೆ ಒಂದೆರಡು ಕಿವಿಮಾತು. ನಿಮ್ಮ ಮನೆಯಲ್ಲೂ ಅಮ್ಮನದೊ ಅತ್ತೆಯದೊ ಇಂಥ ಪುಸ್ತಕ ಇದ್ದರೆ ಇವತ್ತೇ ಟೈಪ್ ಮಾಡಲು ಶುರು ಮಾಡಿ. ಪ್ರತಿ ಅಡುಗೆಯ ಮೇಲೂ ಒಂದೇ ಗುರುತು ಹಾಕಿ, ಅದು ಒಂಟಿ ಸಾಲಿನಲ್ಲಿರಲಿ, ಅಡುಗೆಯ ಒಳಗೆ ಎಲ್ಲೂ ಬಾರದಂಥದಾಗಿರಲಿ. ನಾಲ್ಕು ನಕ್ಷತ್ರ ಹಾಕಿದರೂ ಸರಿ. ಒಂದು ಸಾಮಾನಿನ ಅಳತೆಯ ನಡುವೆ ಅಲ್ಪವಿರಾಮ ಹಾಕಬೇಡಿ. ಬೇರೆಯವರು ಟೈಪ್ ಮಾಡಿದ್ದನ್ನು ಸೇರಿಸುವಾಗ ಅಕ್ಷರಗಳನ್ನು ಒಂದೇ ಕ್ರಮಕ್ಕೆ ತಂದುಕೊಳ್ಳಿ. ಕತ್ತರಿಸಿದ ಮೇಲೆ ಎಣಿಸಿ, ಲೆಕ್ಕ ತಪ್ಪಿದರೆ ಗುರುತನ್ನು ಅನುಮಾನಿಸಿ. ಬರೆದವರು ಇರುವಾಗಲೇ ಅನುಮಾನಗಳನ್ನು ಕೇಳಿ ಬಿಡಿ. ಇದು ಮಾತ್ರ ಯಾವ ಯಂತ್ರದಿಂದಲೂ ಆಗದು.

ವರ್ಷಾಬ್ದಿಕಕ್ಕೆ ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದೆವು. ಅಚ್ಚಾದ ಪುಸ್ತಕ ಮೂವರಿಗೂ ಒಂದೊಂದು ಕೊಟ್ಟೆ. ಸಾರಿನ ಪುಡಿಯ ಪುಟದಲ್ಲಿ ‘ಮೆಂತ್ಯ ಒಂದು, ಒಂದೂವರೆ ಚಮಚ’ ಎಂದೇ ಇದೆ, ತಿದ್ದಲಿಲ್ಲ. ಆಮೇಲೆ ಚೀಲದಿಂದ ಕೆಂಪು ರಟ್ಟಿನ ಅಸಲು ಪುಸ್ತಕ ತೆಗೆದು ತಂಗಿಯ ಮಡಿಲಿಗಿಟ್ಟೆ. ಅವಳು ಬೇಡ ಎಂದಳು, ನಾನು ಬೇಕು ಎಂದೆ. ಮತ್ತೆ ಜಗಳ ಶುರುವಾದೀತು ಎಂದು ತಮ್ಮನೇ ನಡುವೆ ಬಂದು ತೀರ್ಮಾನ ಹೇಳಿದ. ಮಾರ್ಗಶಿರದಿಂದ ಗೌರಿ ಹಬ್ಬದವರೆಗೆ ಶಿವಮೊಗ್ಗ, ಗೌರಿ ಹಬ್ಬದಿಂದ ಮಾರ್ಗಶಿರದವರೆಗೆ ಮೈಸೂರು.

ಅಂದಿನಿಂದ ಹಾಗೇ ನಡೆಯುತ್ತಿದೆ. ಗೌರಿ ಹಬ್ಬಕ್ಕೆ ತಂಗಿ ಬಾಗಿನ ತೊಗೊಳ್ಳಲು ಬರುವಾಗ ಪುಸ್ತಕ ಅವಳ ಜೊತೆ ಬರುತ್ತದೆ. ಕೊನೆಯಲ್ಲಿ ಎಂಟು ಹಾಳೆ ಖಾಲಿ ಉಳಿದಿತ್ತು. ಕಳೆದ ಸಲ ತೆರೆದು ನೋಡಿದರೆ ಅದರಲ್ಲೊಂದರ ನೆತ್ತಿಯಲ್ಲಿ ತಂಗಿಯ ಕೈಬರಹದ ‘ಶ್ರೀ’, ಕೆಳಗೆ ‘ಅಕ್ಕ ಮಾಡುವ ಮಾವಿನಕಾಯಿ ಚಿತ್ರಾನ್ನ’. ಬೇಕಾದದ್ದರಲ್ಲಿ ಉಪ್ಪು ಬರೆಯುವುದನ್ನೇ ಮರೆತಿದ್ದಾಳೆ. ಫೋನ್ ಮಾಡಿ ಹೇಳಬೇಕು.